ಟವೆಲಿನ ಕೆಳಗೆ ಕೊಟ್ಟ ಉತ್ತರ

ಹೋದ ವರ್ಷ ಮೇ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂಕಾಲರ ಹೊತ್ತಿಗೆ, ಸಾಂಗಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯ ಒಂದು ಕಾಲೇಜಿನಲ್ಲಿ, ಮೊದಲನೆಯ ಮಹಡಿಯ ಕಂಪ್ಯೂಟರ್ ಲ್ಯಾಬಿನಲ್ಲಿ, ಕಿಟಕಿಯಿಂದ ಎರಡನೆಯ ಮೇಜಿನ ಮುಂದೆ ನಾನು ನಿಂತಿದ್ದೆ. ಇಲ್ಲ, ನಿಂತಿರಲಿಲ್ಲ. ಅರ್ಧ ಎದ್ದಿದ್ದೆ. ಪರೀಕ್ಷಕರು ಬಂದರೆಂದು ನಾನು ಏಳುವುದೂ ಅವರು "ಬಸಾ, ಬಸಾ" ಎಂದು ಕೂರಿಸುವುದೂ ಒಂದೇ ಕಾಲಕ್ಕೆ ನಡೆದು, ನಾನು ಕುರ್ಚಿಗೂ ನಿಲುವಿಗೂ ನಡುವೆ ಇದ್ದೆ. ಇಷ್ಟು ಕೂಲಂಕಷವಾಗಿ ಹೇಳಲು ಕಾರಣವಿದೆ. ಆ ದಿನ ನಡೆದದ್ದನ್ನು ನನಗಿಂತ ಮೊದಲು ಬಹಳ ಜನ ಹೇಳಿ ಮುಗಿಸಿದ್ದಾರೆ. ಒಬ್ಬರ ಪ್ರಕಾರ ನಾನು ಪರೀಕ್ಷಕರ ಕಾಲು ಹಿಡಿದೆ. ಇನ್ನೊಬ್ಬರ ಪ್ರಕಾರ ಅವರ ಬೆರಳಿಗೆ ಉಂಗುರ ತೊಡಿಸಲು ಹೋದೆ. ಸುದ್ದಿ ಕೃಷ್ಣೆಯ ಸೇತುವೆ ದಾಟಿ ಸಾಂಗಲಿವಾಡಿಯ ನಮ್ಮ ಓಣಿಗೆ ಬರುವ ಹೊತ್ತಿಗೆ ನಾನು ಅವರ ಕೈ ತಿರುವಿ ಆಗಿತ್ತು. ಇವು ಯಾವುವೂ ನಡೆದಿಲ್ಲ. ನಡೆದದ್ದು ಇಷ್ಟೇ: ಪರೀಕ್ಷಕರ ಬಲಗೈ ಮೇಲೆ ನನ್ನ ಟವೆಲು ಹಾಸಿದೆ, ಟವೆಲಿನ ಕೆಳಗೆ ಅವರ ಬೆರಳು ಹಿಡಿದೆ. ಇದರಲ್ಲಿ ನನ್ನ ತಪ್ಪಿಲ್ಲ ಎಂದು ಅಂದೂ ಹೇಳಿದೆ, ಈಗಲೂ ಹೇಳುತ್ತೇನೆ.

ತಪ್ಪಿಲ್ಲ ಎಂಬುದು ನಿಮಗೆ ತಿಳಿಯಬೇಕಾದರೆ ನನ್ನ ಕೈಯ ಇತಿಹಾಸ ತಿಳಿಯಬೇಕು. ನಾನು ಭೂಪಾಲ ಮಗದುಮ. ಮೂಲ ಬೇಡಗ ಎಂಬ ಊರಿನವರು, ಅಜ್ಜನ ಕಾಲಕ್ಕೇ ಸಾಂಗಲಿವಾಡಿಗೆ ಬಂದೆವು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಬಸದಿಯಲ್ಲಿ ಎರಡೂ ಅಲ್ಲದ ಮೌನ. ನನ್ನ ತಂದೆಯ ತಮ್ಮ ನೇಮಿನಾಥ ಕಾಕಾ ಅವರದು ಸಾಂಗಲಿಯ ಮಾರುಕಟ್ಟೆ ಯಾರ್ಡಿನಲ್ಲಿ ಅರಿಸಿನದ ಅಡತಿ ಅಂಗಡಿ. ರೈತರು ಅರಿಸಿನದ ಚೀಲ ತಂದು ಇಳಿಸುತ್ತಾರೆ, ಖರೀದಿದಾರರು ಬಂದು ಮುರಿದು, ಮೂಸಿ, ಉಗುರಿನಿಂದ ಗೀರಿ ನೋಡುತ್ತಾರೆ. ನಡುವೆ ನಿಂತು ಸೌದಾ ಕುದುರಿಸುವುದು ನಮ್ಮ ಕೆಲಸ. ಹಳೆಯ ಪದ್ಧತಿಯಲ್ಲಿ ಈ ಸೌದಾ ಬಾಯಿಂದ ಆಗುವುದಿಲ್ಲ. ನಾನು ಕೈ ಚಾಚಿ ಅದರ ಮೇಲೆ ಟವೆಲು ಹಾಕಿಕೊಂಡು ನಿಲ್ಲುತ್ತಿದ್ದೆ. ಖರೀದಿದಾರ ಒಬ್ಬೊಬ್ಬನಾಗಿ ಬಂದು ಟವೆಲಿನ ಕೆಳಗೆ ಕೈ ತೂರಿಸಿ ನನ್ನ ಬೆರಳು ಹಿಡಿದು ಭಾವ ಹೇಳುತ್ತಿದ್ದ. ಭಾವ ಎಂದರೆ ದರ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಅದಕ್ಕಿಂತ ಮೇಲೆ ಹೋಗಬೇಕಾದರೆ ಅಂಗೈ ಹಿಡಿದು ಬಿಟ್ಟು ಮತ್ತೆ ಬೆರಳು. ಒಬ್ಬನ ಭಾವ ಇನ್ನೊಬ್ಬನಿಗೆ ತಿಳಿಯಬಾರದು. ಮುಖದಲ್ಲೂ ಏನೂ ಕಾಣಬಾರದು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸುನಂದಾ, "ಸಾರು ಹೆಂಗಾಗೈತಿ ಅಂತ ನಿಮ್ಮ ಮಾರಿ ನೋಡಿ ಏನೂ ತಿಳಿಯಂಗಿಲ್ಲಲ್ಲರಿ" ಎಂದು ಅಳುತ್ತಿದ್ದಳು. ಅದು ಕಸುಬಿನ ಮುಖ ಎಂದು ಅವಳಿಗೆ ವಿವರಿಸಲು ಕೆಲವು ವರ್ಷ ಬೇಕಾದವು.

ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಹೀಗೆ ಕೈಯಿಂದ ಕೇಳಿ ಕೈಯಿಂದ ಮಾತಾಡಿದವನು. ಆಮೇಲೆ ಸುತ್ತಲಿನ ಅಂಗಡಿಗಳಲ್ಲಿ ಬಾಯಿಂದ ಭಾವ ಕೂಗುವ ಹರಾಜು ಬಂತು, ಕೂಗಿನ ಹಿಂದೆಯೇ ಕಂಪ್ಯೂಟರ್ ಪರದೆ ಬಂತು. ಒಂದು ದಿನ ಯಾರ್ಡಿನ ಸಭಾಗೃಹದಲ್ಲಿ ವ್ಯಾಪಾರಸ್ಥರಿಗೆಲ್ಲ ಕಂಪ್ಯೂಟರ್ ತೋರಿಸಿದರು. ತೋರಿಸಲು ಬಂದವನು ಇಸ್ತ್ರಿ ಅಂಗಿಯ ತರುಣ. ಯಾರಾದರೂ ಮುಂದೆ ಬಂದು ಮಾಡಿ ನೋಡಿ ಎಂದ. ನಾನು ಹೋಗಿ ಮೌಸಿನ ಮೇಲೆ ಕೈ ಇಟ್ಟೆ. ಅರಿಸಿನದ ಕೈ, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ನಾನು ಕೈ ತೆಗೆದ ಕೂಡಲೆ ಆ ತರುಣ ಜೇಬಿನಿಂದ ಮೆತ್ತನೆಯ ಕಾಗದ ತೆಗೆದು ಮೌಸನ್ನು ಒರೆಸಿದ. ಒಮ್ಮೆ ಒರೆಸಿ, ನೋಡಿ, ಮತ್ತೆ ಒರೆಸಿದ. ಆಮೇಲೆ ಬಹಳ ಮರ್ಯಾದೆಯಿಂದ, "ಕಾಕಾ, ನೀವು ನೋಡಿದರೆ ಸಾಕು, ಮುಟ್ಟುವುದು ಬೇಡ" ಎಂದು ಮರಾಠಿಯಲ್ಲಿ ಹೇಳಿದ. ಮೊದಲನೆಯ ಸಲ ಒರೆಸಿದ್ದಕ್ಕೆ ನಾನು ಸುಮ್ಮನಿದ್ದೆ. ಎರಡನೆಯದು ನನ್ನನ್ನು ಕಾಲೇಜಿಗೆ ಸೇರಿಸಿತು.

ಮಳೆಗಾಲಕ್ಕೆ ಮುಂಚೆ ಹೋಗಿ ಕಂಪ್ಯೂಟರ್ ಪದವಿಗೆ ಹೆಸರು ಹಚ್ಚಿದೆ. ಮೂರು ವರ್ಷದ ಓದು. ನನಗಾಗ ನಲವತ್ತನಾಲ್ಕು. ಕಾಕಾ ಅವರಿಗೆ ಹೇಳಲು ಹೋದಾಗ ಅವರು ಅರಿಸಿನದ ಕೊಂಬೊಂದನ್ನು ಮುರಿದು ಅದರ ಬಣ್ಣ ನೋಡುತ್ತಿದ್ದರು.

"ಏನಂದಿ?" ಎಂದರು.

"ಕಾಲೇಜಿಗಿ ಹೊಂಟೇನ್ರಿ. ಕಂಪ್ಯೂಟರ್ ಕಲೀತೇನಿ, ಅದರಾಗ ನೌಕರಿ ಹಿಡೀತೇನಿ."

"ಭೂಪಾಲ್ಯಾ, ನಿನ್ನ ಮಗಳು ಲಗ್ನದ ವಯಸ್ಸಿಗಿ ಬಂದಾಳ."

"ಆಕೀಗಿ ವಯಸ್ಸಾದ್ರ ನನಗ ಆದಂಗೇನ್ರಿ?"

ಕಾಕಾ ಆ ಕೊಂಬನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಮೂಸು. ಇದು ಹಣ್ಣಾಗೈತಿ, ಕುದ್ದೈತಿ, ಒಣಗೈತಿ. ಇದನ್ನ ತಿರುಗಿ ಹೊಲದಾಗ ಹಾಕಿದ್ರ ಬೆಳೀತೈತೇನ?"

ನಾನು, "ಕುದಸದ ಒಂದು ಗಡ್ಡಿ ಬೀಜಕ್ಕಂತ ತಗದ ಇಟ್ಟಿರತಾರಲ್ರಿ ಕಾಕಾ, ನಾ ಅದು" ಎಂದೆ. ಅವರು ಕೊಂಬನ್ನು ಚೀಲಕ್ಕೆ ಎಸೆದರು. ಅಂದಿನಿಂದ ನಾನು ಮುಂಜಾನೆ ಮಾತ್ರ ಅಂಗಡಿಗೆ, ಮಧ್ಯಾಹ್ನ ಕಾಲೇಜಿಗೆ. ಓದು ಮುಗಿದ ದಿನ ಅಂಗಡಿ ಬಿಡುವೆನೆಂದು ಅವರಿಗೂ ಗೊತ್ತಿತ್ತು. ಫೇಲಾದ ದಿನ ಇಡೀ ದಿನ ಅಂಗಡಿಯಲ್ಲೇ ಇರುವೆನೆಂದೂ ಗೊತ್ತಿತ್ತು. ಸುನಂದಾ ಮಾತ್ರ ಸ್ಪಷ್ಟವಾಗಿ ಹೇಳಿದ್ದಳು: "ಪಾಸಾದ್ರ ನಾ ಓಣಿತುಂಬ ಪೇಢೆ ಹಂಚತೇನಿ. ಫೇಲಾದ್ರ ನೀವ ತಿರಗಿ ಹೇಳ್ಕೊಂಡ ಬರ್ರಿ, ನಂಗ ಆಗೂದಿಲ್ಲ."

ಕಾಲೇಜಿನಲ್ಲಿ ನನ್ನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಕಲಿಸುವ ಮೇಡಂ ಕೂಡ. ಲ್ಯಾಬಿನ ಶೇಖ್ ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು. "ಕಾಕಾ, ನಿಮ್ಮ ಪ್ರೋಗ್ರಾಂ ತಪ್ಪಿದೆ" ಎನ್ನುವಾಗ ಅವರಿಗೇ ಸಂಕೋಚವಾಗುತ್ತಿತ್ತು, ತಲೆ ಮೇಲಿನ ಓಢಣಿ ಸರಿಮಾಡಿಕೊಂಡು ಹೇಳುತ್ತಿದ್ದರು. ಮೊದಲ ತಿಂಗಳಲ್ಲೇ ನಾನು ಕೂತಲ್ಲೆಲ್ಲ ಕೀಬೋರ್ಡು ಹಳದಿಯಾಯಿತು. ಇಂಗ್ಲಿಷಿನ ಇ, ಎ, ಎಸ್ ಅಕ್ಷರಗಳು ಅರಿಸಿನ ಹಚ್ಚಿದ ಮದುಮಗಳ ಹಾಗೆ ಕಾಣುತ್ತಿದ್ದವು. ಖಂಡೇರಾಜುರಿಯಿಂದ ಬರುವ ಪ್ರತೀಕ್ಷಾ ಎಂಬ ಹುಡುಗಿ, ಕನ್ನಡ ಪೂರ್ತಿ ತಿಳಿಯುತ್ತದೆ ಆದರೆ ಆಡಲು ನಾಚಿಕೆ ಎನ್ನುವವಳು, ಒಂದು ದಿನ ಧೈರ್ಯ ಮಾಡಿ ಕನ್ನಡದಲ್ಲೇ ಕೇಳಿದಳು: "ಕಾಕಾ, ಕೀಬೋರ್ಡಿಂದು ಹಳದಿ ಆತು, ಲಗ್ನ ಯಾವಾಗ?" ಶೇಖ್ ಮೇಡಂ ಮಾತ್ರ ಒರೆಸಲಿಲ್ಲ. ಹಳದಿಯಾದ ಕೀಬೋರ್ಡುಗಳಲ್ಲಿ ಒಂದನ್ನು ಕಿಟಕಿಯಿಂದ ಎರಡನೆಯ ಮೇಜಿಗೆ ಹಾಕಿಸಿ, "ಇದು ಕಾಕಾ ಅವರದು, ಬೇರೆ ಯಾರೂ ಕೂರಬೇಡಿ" ಎಂದರು. ಯಾರ್ಡಿನಲ್ಲಿ ನನಗೆ ಇಷ್ಟು ವರ್ಷದಲ್ಲಿ ಸ್ವಂತ ಕುರ್ಚಿ ಇರಲಿಲ್ಲ.

ಇನ್ನೊಂದು ತೊಂದರೆ ಊಟದ್ದು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಚಳಿಗಾಲದಲ್ಲಿ ಲ್ಯಾಬು ಮುಗಿಯುವುದೂ ಸೂರ್ಯ ಮುಳುಗುವುದೂ ಒಂದೇ ಹೊತ್ತು. ಅದಕ್ಕೆ ಕಿಟಕಿಯ ಕಡೆ ಒಂದು ಕಣ್ಣಿಟ್ಟು, ಬೆಳಕು ಕೆಂಪಾದ ಕೂಡಲೆ ಎದ್ದು ಮೆಟ್ಟಿಲ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದೆ. ಒಮ್ಮೆ ಅರ್ಧ ಪ್ರೋಗ್ರಾಂ ಬಿಟ್ಟು ಎದ್ದೆ. ಮರಳಿ ಬಂದಾಗ ಅದು ಇನ್ನೂ ತಿರುಗುತ್ತಲೇ ಇತ್ತು. ನಿಲ್ಲುವ ಷರತ್ತು ಬರೆಯುವುದನ್ನು ಮರೆತಿದ್ದೆ. "ಕಾಕಾ, ನಿಮ್ಮ ಊಟಕ್ಕೆ ಸೂರ್ಯ ಇದ್ದಾನೆ, ಈ ಲೂಪಿಗೆ ಯಾರು?" ಎಂದರು ಮೇಡಂ. ಆ ದಿನದಿಂದ ಲೂಪು ಎಷ್ಟು ಸಲ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾನು ಮರೆತವನಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೀಗೆ ಮೂರು ವರ್ಷ ದಾಟಿ ಆ ಮಂಗಳವಾರಕ್ಕೆ ಬಂದೆ. ಕಡೆಯ ಪ್ರಾಯೋಗಿಕ ಪರೀಕ್ಷೆ, ಅದರ ಜೊತೆ ಮೌಖಿಕ. ಮಿಕ್ಕ ವಿಷಯಗಳೆಲ್ಲ ಆಗಿದ್ದವು. ಮಿರಜ ಸ್ಟೇಷನ್ನಿನ ಹತ್ತಿರ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಚೇರಿಯವರು, "ಪದವಿ ಕೈಗೆ ಬಂದ ದಿನ ಬನ್ನಿ, ಮೇಜು ಖಾಲಿ ಇಟ್ಟಿದ್ದೇವೆ" ಎಂದಿದ್ದರು. ಆ ಮೇಜಿಗೂ ನನಗೂ ನಡುವೆ ಉಳಿದದ್ದು ಈ ಒಂದು ಪರೀಕ್ಷೆ.

ಪರೀಕ್ಷಕರು ಕೊಲ್ಹಾಪುರದಿಂದ ಬಂದವರು, ತೆಳ್ಳಗಿನ ಗಂಭೀರ ಮನುಷ್ಯ. ಎಲ್ಲರಿಗೂ ಒಂದೇ ಲೂಪು ತೋರಿಸಿ ಕೇಳುತ್ತಿದ್ದರು: ಒಂದರಿಂದ ಶುರು, ಪ್ರತಿ ಸಲ ದುಪ್ಪಟ್ಟು, ಐವತ್ತರ ಒಳಗಿರುವ ತನಕ ತಿರುಗು. ಎಷ್ಟು ಸಲ ತಿರುಗುತ್ತದೆ? ಮೊದಲಿನವರೆಲ್ಲ ಗಟ್ಟಿಯಾಗಿ "ಐದು" ಎಂದು ಹೇಳಿ ಹೋಗಿದ್ದರು. ಒಬ್ಬರದು ಇನ್ನೊಬ್ಬರ ಕಿವಿಗೆ ಬೀಳುತ್ತಿದೆ ಎಂದು ಅವರಿಗೆ ಸಂಶಯ ಬಂದಿರಬೇಕು. ನನ್ನ ಹತ್ತಿರ ಬಂದವರು ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಬಲಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟರು. ನನ್ನ ಕಿವಿಯ ಬಳಿಗೆ ಬಾಗಿದರು. ಆ ಕಡೆ ಈ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಒಂದೇ ಶಬ್ದ ಕೇಳಿದರು: "ಕಿತೀ?" ಎಷ್ಟು?

ನೀವೇ ಹೇಳಿ. ನಾನು ಏನು ಮಾಡಬೇಕಿತ್ತು? ಸುತ್ತ ಜನ, ಪಕ್ಕದಲ್ಲಿ ಒಬ್ಬ, ಚಾಚಿದ ಕೈ, ತಗ್ಗಿದ ದನಿ, ಎಷ್ಟು ಎಂಬ ಪ್ರಶ್ನೆ. ಈ ಐದೂ ಕೂಡಿದಾಗ ಬಾಯಿ ತೆರೆಯುವವನು ಅಡತಿ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಉಳಿಯುವುದಿಲ್ಲ. ಹೆಗಲ ಮೇಲಿನ ಟವೆಲು ತಾನೇ ಇಳಿಯಿತು. ಅವರ ಕೈ ಮುಚ್ಚಿತು. ನನ್ನ ಬಲಗೈ ಅದರ ಕೆಳಗೆ ಹೋಗಿ ಅವರ ಅಂಗೈಯನ್ನು ಪೂರ್ತಿ ಹಿಡಿದು, ಬಿಟ್ಟು, ತೋರುಬೆರಳೊಂದನ್ನು ಹಿಡಿಯಿತು. ನನ್ನ ಕಣ್ಣು ಕಸುಬಿನ ಪ್ರಕಾರ ಎದುರಿನ ಗೋಡೆ ನೋಡುತ್ತಿತ್ತು.

ಪರೀಕ್ಷಕರು ಕೂಗಲಿಲ್ಲ ಎನ್ನುವವರಿದ್ದಾರೆ. ಕೂಗಿದರು. ಕುರ್ಚಿ ಹಿಂದಕ್ಕೆ ಬಿತ್ತು. ಟವೆಲಿನ ಒಂದು ತುದಿ ಅವರ ಗಡಿಯಾರಕ್ಕೆ ಸಿಕ್ಕಿ ಬಾಗಿಲ ತನಕ ಅವರ ಜೊತೆಗೇ ಹೋಯಿತು. ಹುಡುಗರೆಲ್ಲ ಎದ್ದರು. ಪ್ರತೀಕ್ಷಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಟವೆಲಿನ ಕೆಳಗೆ ಏನೋ ಕೊಡಲು ಬಂದರು, ಇದು ಲಂಚ!" ಎಂದು ಪರೀಕ್ಷಕರು ಮರಾಠಿಯಲ್ಲಿ ಹೇಳಿದ್ದನ್ನು ಇಡೀ ಮಹಡಿ ಕೇಳಿತು.

ಪ್ರಾಚಾರ್ಯರ ಕೋಣೆಯಲ್ಲಿ ನನ್ನನ್ನು ಕೂರಿಸಲಿಲ್ಲ, ನಿಲ್ಲಿಸಿದರು. ನನ್ನ ಟವೆಲು ಮೇಜಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಶಿಪಾಯಿ ಅದನ್ನು ಎರಡು ಸಲ ಝಾಡಿಸಿ ನೋಡಿದ. ಸ್ವಲ್ಪ ಅರಿಸಿನ ಉದುರಿತು, ಬೇರೇನೂ ಇಲ್ಲ. ಪ್ರಾಚಾರ್ಯರು ಒಳ್ಳೆಯವರೇ. ಗಲಾಟೆ ಬೇಡ ಎನ್ನುವ ಜಾತಿಯ ಒಳ್ಳೆಯವರು. "ಮಗದುಮ ಅವರೇ, ವಯಸ್ಸಾದವರು, ಹೆದರಿಕೆಯಲ್ಲಿ ಆಗಿರುತ್ತದೆ. ತಪ್ಪಾಯಿತು, ಪರೀಕ್ಷಕರ ಮೇಲೆ ಒತ್ತಡ ತರಲು ನೋಡಿದೆ ಎಂದು ಒಂದು ಮಾಫಿ ಬರೆದುಕೊಡಿ. ಇಲ್ಲೇ ಕೂತಿರುವ ಸರ್ ಅವರನ್ನು ನಾನು ಒಪ್ಪಿಸುತ್ತೇನೆ, ಪಾಸು ಮಾಡಿಸಿ ಮುಗಿಸೋಣ. ಇಲ್ಲವಾದರೆ ವಿಶ್ವವಿದ್ಯಾಲಯಕ್ಕೆ ದೂರು ಹೋಗುತ್ತದೆ, ಪರೀಕ್ಷೆ ರದ್ದಾಗುತ್ತದೆ" ಎಂದರು. ಕಾಗದವನ್ನೂ ಪೆನ್ನನ್ನೂ ನನ್ನ ಕಡೆಗೆ ಸರಿಸಿದರು.

ಪೆನ್ನು ಎತ್ತಿಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಮಿರಜದ ಮೇಜು ಕಣ್ಣ ಮುಂದೆ ಬಂತು. ಬರೆದರೆ ಮೇಜು ಸಿಗುತ್ತದೆ. ಆದರೆ ಬರೆದ ಮೇಲೆ ಅಲ್ಲಿ ಕೂರುವವನು ಲಂಚ ಕೊಡಲು ಹೋಗಿದ್ದ ಭೂಪಾಲ ಮಗದುಮ. ಮೌಸು ಒರೆಸಿದ ತರುಣನ ಕೈ ನೆನಪಾಯಿತು.

"ನನ್ನ ಕೈಯಾಗ ಏನೂ ಇರಲಿಲ್ಲರಿ," ಎಂದು ಮೊದಲು ಕನ್ನಡದಲ್ಲೇ ಅಂದೆ, ಆಮೇಲೆ ಮರಾಠಿಯಲ್ಲಿ. "ಉತ್ತರ ಇತ್ತು. ಕೇಳಿದರು, ಕೊಟ್ಟೆ. ಮಾಫಿ ಬರೆಯುವುದಿಲ್ಲ."

"ಕೈಯಿಂದ ಉತ್ತರವೇ? ಅದನ್ನು ನಂಬುವವರು ಯಾರು?" ಎಂದರು ಪರೀಕ್ಷಕರು. ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ತೋರಿಸುತ್ತೇನೆ ಎಂದೆ. ಆದರೆ ಈ ಮಾತಿಗೆ ಎರಡು ಕೈ ಬೇಕು, ಎರಡಕ್ಕೂ ಆ ಮಾತು ಗೊತ್ತಿರಬೇಕು. ನನಗೆ ಗೊತ್ತಿದ್ದ ಇನ್ನೊಂದು ಕೈ ಒಂದೇ. ಫೋನು ಹಚ್ಚಿದೆ.

"ಕಾಕಾ, ಸ್ವಲ್ಪ ಕಾಲೇಜಿಗಿ ಬರ್ರಿ."

"ಯಾಕ, ನನ್ನ ಹೆಸರೂ ಹಚ್ಚಸ್ತಿಯೇನ?"

"ಭಾವ ಹೇಳೂದೈತಿ. ನಾಕ ಮಂದಿ ಮುಂದ."

ಆ ಕಡೆ ಕಾಕಾ ಯಾರಿಗೋ ಅಂಗಡಿ ನೋಡಿಕೊಳ್ಳಲು ಹೇಳಿದರು. ಆಮೇಲೆ, "ಟಾವೆಲ್ ಐತಿ ನಿನ್ನ ಕಡೆ? ಇಲ್ಲಾ ನಾನ ತರಲಿ?"

ಕಾಕಾ ಯಾರ್ಡಿನಿಂದ ಸೀದಾ ಬಂದರು. ಧೋತರ, ಬಿಳಿ ಟೋಪಿ, ಹೆಗಲಿಗೆ ತಮ್ಮದೇ ಟವೆಲು. ಬಾಗಿಲಿಂದ ಮೇಜಿನ ತನಕ ಬಿಳಿಯ ಟೈಲ್ಸಿನ ಮೇಲೆ ಹಳದಿ ಹೆಜ್ಜೆ ಮೂಡಿದವು. ಲಕ್ಷ್ಮಿ ಬಂದಳು ಎನ್ನಬಹುದಿತ್ತು, ಆದರೆ ಅವಳ ಹೆಜ್ಜೆ ಅಷ್ಟು ದೊಡ್ಡವಿರುವುದಿಲ್ಲ. ಪರೀಕ್ಷಕರು ಒಂದು ಚೀಟಿಯಲ್ಲಿ ಅಂಕೆ ಬರೆದು ನನಗೊಬ್ಬನಿಗೇ ತೋರಿಸಿದರು. ಏಳು. ನಾನೂ ಕಾಕಾ ಅವರೂ ಟವೆಲಿನ ಕೆಳಗೆ ಕೈ ಕೂಡಿಸಿದೆವು. ಅಂಗೈ ಹಿಡಿದೆ, ಬಿಟ್ಟೆ, ಎರಡು ಬೆರಳು ಹಿಡಿದೆ. ಕಾಕಾ ತಲೆಯಾಡಿಸಿದರು.

"ಹೇಳಿ, ಎಷ್ಟು?" ಎಂದರು ಪ್ರಾಚಾರ್ಯರು.

ಕಾಕಾ ಕೋಣೆಯ ಸುತ್ತ ನೋಡಿದರು. ಪ್ರಾಚಾರ್ಯರು, ಪರೀಕ್ಷಕರು, ಶೇಖ್ ಮೇಡಂ, ಬಾಗಿಲಲ್ಲಿ ಶಿಪಾಯಿ, ಶಿಪಾಯಿಯ ಭುಜದ ಮೇಲಿಂದ ಇಣುಕುತ್ತಿದ್ದ ಪ್ರತೀಕ್ಷಾ. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು: "ಇಷ್ಟ ಮಂದ್ಯಾಗ?"

"ಹೇಳ್ರಿ ಕಾಕಾ. ನನ್ನ ಪರೀಕ್ಷಾ ಹೋಗತೈತಿ."

"ಮಂದ್ಯಾಗ ಭಾವ ಬಾಯಿಲೆ ಹೇಳೂದಿಲ್ಲೋ."

"ಇದು ಭಾವ ಅಲ್ಲರಿ, ಬರೇ ಆಂಕಡಾ, ಬರೇ ಅಂಕಿ!"

"ಆಂಕಡಾ ಬ್ಯಾರೆ, ಭಾವ ಬ್ಯಾರೆ ಅಂತ ನಿನಗ ಈ ಕಾಲೇಜಿನ್ಯಾಗ ಕಲಿಸ್ಯಾರೇನ? ನಮ್ಮಪ್ಪ ಬಾಯಿ ಬಿಡಲಿಲ್ಲ, ನಾ ಬಿಟ್ಟಿಲ್ಲ, ಇನ್ನ ನಿನ್ನ ಸಲುವಾಗಿ ಬಿಡಲೇನ?"

"ನೋಡಿದಿರಾ? ಗೊತ್ತಿಲ್ಲ ಇವರಿಗೆ" ಎಂದರು ಪರೀಕ್ಷಕರು. ಪ್ರಾಚಾರ್ಯರು ನಿಟ್ಟುಸಿರು ಬಿಟ್ಟು ಕಾಗದವನ್ನು ಮತ್ತೆ ನನ್ನ ಕಡೆ ಸರಿಸಿದರು. ನನ್ನ ಮೂರು ವರ್ಷದ ಓದು ಒಂದು ಮುದುಕನ ಮುಚ್ಚಿದ ಬಾಯಿಯಲ್ಲಿ ಸಿಕ್ಕಿಕೊಂಡಿತ್ತು. ನನಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಅವರು ಮಾಡುತ್ತಿರುವುದು ಸರಿ ಎಂದೂ ಅನಿಸಿತು. ಅದು ಇನ್ನೂ ಸಿಟ್ಟು ತಂದಿತು.

ಗೊತ್ತಿಲ್ಲ ಎಂಬ ಮಾತು ಕಾಕಾ ಅವರಿಗೆ ತಾಗಿತು. ಪರೀಕ್ಷಕರ ಹತ್ತಿರ ಹೋಗಿ ಕೈ ಚಾಚಿದರು. ಮಾತಾಡಿದ್ದು ಮರಾಠಿಯಲ್ಲಿ, ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ. "ಕೈ ಕೊಡ್ರಿ. ನಿಮಗೊಬ್ಬರಿಗೇ ಹೇಳತೇನಿ." ಪರೀಕ್ಷಕರು ಕೈಗಳನ್ನು ಕಂಕುಳಲ್ಲಿ ಇನ್ನೂ ಒಳಕ್ಕೆ ತೂರಿಸಿದರು. ಬೆಳಿಗ್ಗೆ ಒಮ್ಮೆ ಅನುಭವಿಸಿದವರು, ಅವರನ್ನು ದೂರಲಾರೆ. "ಸರ್, ನಾವೆಲ್ಲ ಇಲ್ಲೇ ಇದ್ದೇವೆ" ಎಂದು ಶೇಖ್ ಮೇಡಂ ಧೈರ್ಯ ಹೇಳಿದ ಮೇಲೆ, ಸೂಜಿಗೆ ತೋಳು ಕೊಡುವವರ ಹಾಗೆ ಮುಖ ಆ ಕಡೆ ತಿರುಗಿಸಿ ಬಲಗೈ ಕೊಟ್ಟರು. ಟವೆಲು ಬಿತ್ತು. "ಇದು ಒಂದು. ಇದು ಎರಡು. ತಿಳೀತ? ಇಡೀ ಕೈ ಹಿಡಿದ್ರ ಐದು. ಐದರ ಮ್ಯಾಲ ಬೇಕಾದ್ರ ಹಿಡಿದು ಬಿಡೂದು, ಮತ್ತ ಬೆರಳು. ಈಗ ನೋಡ್ರಿ, ಭೂಪಾಲ ನನಗ ಕೊಟ್ಟಿದ್ದು." ಟವೆಲು ಸ್ವಲ್ಪ ಅಲುಗಿತು.

"ಏಳು" ಎಂದರು ಪರೀಕ್ಷಕರು. ಗಟ್ಟಿಯಾಗಿ ಹೇಳಿಬಿಟ್ಟದ್ದಕ್ಕೆ ಕಾಕಾ ಪರೀಕ್ಷಕರನ್ನು ಕೆಟ್ಟದಾಗಿ ನೋಡಿದರು.

ಕಾಕಾ ಕೈ ತೆಗೆಯಲು ಹೋದರು. ಪರೀಕ್ಷಕರು ಬಿಡಲಿಲ್ಲ. ಕಣ್ಣು ಮುಚ್ಚಿದರು. ಟವೆಲಿನ ಕೆಳಗೆ ಅವರೇ ಏನೋ ನೆನಪಿಸಿಕೊಳ್ಳುತ್ತಿದ್ದರು. "ಬೆಳಿಗ್ಗೆ ಇವರು ನನ್ನ ಇಡೀ ಕೈ ಹಿಡಿದರು," ಎಂದು ನಿಧಾನವಾಗಿ ಹೇಳಿದರು. "ಬಿಟ್ಟರು. ಆಮೇಲೆ ಒಂದೇ ಬೆರಳು." ಕಣ್ಣು ತೆರೆದು ನನ್ನನ್ನು ನೋಡಿದರು. "ಆರು."

"ಹೌದು ಸರ್. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಅರವತ್ತನಾಲ್ಕಕ್ಕೆ ನಿಲ್ಲುತ್ತದೆ."

"ಇವತ್ತು ಇದಕ್ಕೆ ಸರಿಯಾದ ಉತ್ತರ ಬಂದದ್ದು ಇದೊಂದೇ" ಎಂದರು ಪರೀಕ್ಷಕರು, ಯಾರಿಗೂ ಅಲ್ಲದ ಹಾಗೆ.

ಪ್ರಾಚಾರ್ಯರು ಕಾಗದ ಹಿಡಿದುಕೊಂಡೇ ಇದ್ದರು. "ಆದರೆ ಸರ್, ಮೌಖಿಕ ಎಂದ ಮೇಲೆ ಬಾಯಿಂದ..."

"ನಾನೇ ಮೆಲ್ಲಗೆ ಕೇಳಿದ್ದೆ," ಎಂದರು ಪರೀಕ್ಷಕರು. "ಇವರು ನನಗಿಂತ ಮೆಲ್ಲಗೆ ಹೇಳಿದರು."

ಆ ಮೇಲೆ ಅವರು ನನ್ನನ್ನು ಲ್ಯಾಬಿಗೆ ಕರೆದೊಯ್ದು ಉಳಿದ ಪ್ರಶ್ನೆಗಳನ್ನು ಕೇಳಿದರು. ಮೇಜಿನ ಆಚೆ ಬದಿಯಲ್ಲಿ ಕೂತು ಕೇಳಿದರು. ನಾನು ಬಾಯಿಂದಲೇ ಹೇಳಿದೆ.

ಹೊರಗೆ ಬಂದಾಗ ಕಾಕಾ ಪಡಸಾಲೆಯಲ್ಲಿ ಕಾಯುತ್ತಿದ್ದರು. "ಮಾಫಿ ಬರದಿಯೇನ?" ಎಂದರು. "ಇಲ್ರಿ" ಎಂದೆ. "ಛಲೋ ಆತು." ಅಷ್ಟು ಹೇಳಿ, ಹೋಗಿ ಬರುವ ಹುಡುಗರ ನಡುವೆಯೇ ನನ್ನ ಕೈ ಮೇಲೆ ಟವೆಲು ಹಾಕಿದರು. ನಾನು ಅಂಗಡಿಯಲ್ಲೇ ಉಳಿದರೆ ತಿಂಗಳಿಗೆ ಎಷ್ಟು ಎಂದು ಬೆರಳಲ್ಲಿ ಹೇಳಿದರು. ಅಷ್ಟು ದೊಡ್ಡ ಭಾವವನ್ನು ಅವರು ಯಾವ ಅರಿಸಿನಕ್ಕೂ ಹೇಳಿದ್ದಿಲ್ಲ. ನಾನು ಅದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಎಣಿಸಿದೆ. ಆಮೇಲೆ ಕೈ ಹಿಂದಕ್ಕೆ ತೆಗೆದೆ. ಹಾಗೆ ತೆಗೆದರೆ ಸೌದಾ ಇಲ್ಲ ಎಂದು ಅರ್ಥ. ಕಾಕಾ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಟವೆಲನ್ನು ಮಡಚಿ ನನ್ನ ಹೆಗಲಿಗೆ ಹಾಕಿ, "ಮಿರಜದಾಗ ಉಣ್ಣಾಕ ಹೊತ್ತಿಗಿ ಸರಿ ಬಿಡತಾರೇನ ಕೇಳಿಕೋ" ಎಂದು ಹೇಳಿ, ಹಳದಿ ಹೆಜ್ಜೆ ಇಡುತ್ತ ಇಳಿದು ಹೋದರು. ಈಗ ನಾನು ಮಿರಜದ ಆ ಮೇಜಿನಲ್ಲೇ ಕೂತಿದ್ದೇನೆ. ಹೊತ್ತಿಗೆ ಸರಿಯಾಗಿ ಬಿಡುತ್ತಾರೆ.

ಇದನ್ನು ಕಣ್ಣಾರೆ ಕಂಡವರೆಲ್ಲ ಇನ್ನೂ ಇದ್ದಾರೆ, ಸಂಶಯವಿದ್ದವರು ವಿಚಾರಿಸಬಹುದು. ಶೇಖ್ ಮೇಡಂ ಅದೇ ಲ್ಯಾಬಿನಲ್ಲಿದ್ದಾರೆ. ಹಳದಿ ಕೀಬೋರ್ಡು ಕೂಡ ಇದೆ. ಪ್ರತೀಕ್ಷಾ ಖಂಡೇರಾಜುರಿಯಲ್ಲಿ ಸಿಗುತ್ತಾಳೆ, ಕನ್ನಡದಲ್ಲಿ ಕೇಳಿ, ಮರಾಠಿಯಲ್ಲಿ ಹೇಳುತ್ತಾಳೆ. ಪರೀಕ್ಷಕರು ಕೊಲ್ಹಾಪುರದಲ್ಲಿ ಆರೋಗ್ಯವಾಗಿದ್ದಾರೆ, ಮೌಖಿಕ ಪರೀಕ್ಷೆಯಲ್ಲಿ ಈಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಕೇಳುತ್ತಾರಂತೆ. ನೇಮಿನಾಥ ಕಾಕಾ ಇದ್ದಾರೆ, ಯಾರ್ಡಿನಲ್ಲೇ ಇದ್ದಾರೆ, ಆದರೆ ಅವರು ಬಾಯಿ ಬಿಡುವುದಿಲ್ಲ, ಕೈ ಕೊಡಬೇಕು. ಇನ್ನು ಆ ಪರೀಕ್ಷೆಯಲ್ಲಿ ನನಗೆ ಬಂದ ಅಂಕ ಎಷ್ಟು ಎಂದು ಬಹಳ ಜನ ಕೇಳುತ್ತಾರೆ. ಸುನಂದಾ ಪೇಢೆ ಹಂಚುವಾಗ ಓಣಿಯವರೆಲ್ಲ ಕೇಳಿದರು. ಮುಚ್ಚಿಡುವಂಥದ್ದು ಏನೂ ಇಲ್ಲ, ಹೇಳುತ್ತೇನೆ. ಆದರೆ ಹೀಗೆ ಇಷ್ಟು ಜನರ ನಡುವೆ ಬೇಡ. ಒಮ್ಮೆ ಸಾಂಗಲಿವಾಡಿಗೆ ಬನ್ನಿ. ಟವೆಲು ನನ್ನ ಹತ್ತಿರ ಇದೆ.